ಖಾಲಿ ಅಂದರೆ

ಆ ಚೌಕಿನಲ್ಲಿ ಈಗ ಮೆಟ್ರೋ ಸ್ಟೇಷನ್ ಏಳುತ್ತಿದೆ. ರಸ್ತೆಯ ನಡುವೆ ಕಂಬ, ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಸ್ಟೇಷನ್. ಅದಕ್ಕೂ ಮೊದಲು ಅಲ್ಲೊಂದು ಫ್ಲೈಓವರ್ ಇತ್ತು. ಮೆಟ್ರೋಗೆ ಅಡ್ಡ ಬರುತ್ತದೆಂದು ಅದನ್ನು ಕೆಡವಿದರು. ಅದನ್ನು ಕಟ್ಟಿದವರಲ್ಲಿ ನಮ್ಮಪ್ಪನೂ ಒಬ್ಬ. ಅಪ್ಪನ ತಮ್ಮ, ನಮ್ಮ ಕಾಕಾ, ಸತ್ತದ್ದು ಅದರ ಒಂದು ಕಂಬದ ಮೇಲಿಂದ ಬಿದ್ದು. ನೆಟ್ಟಗೆ ಇಪ್ಪತ್ತೈದು ವರ್ಷ ಬಾಳದ ಸೇತುವೆಗೆ ಒಬ್ಬ ಮನುಷ್ಯನನ್ನು ಕೊಟ್ಟು ಕೂತೆವಲ್ಲ ಎಂದು ನನಗೆ ಸಿಟ್ಟು ಬರುತ್ತದೆ. ಯಾರ ಮೇಲೆ ಸಿಟ್ಟು ಎಂದು ಕೇಳಿದರೆ ಹೇಳಲು ಬರುವುದಿಲ್ಲ.

ನಮ್ಮಪ್ಪನ ಕೆಲಸ ಕೂಗುವುದು. ಹೀಗೆಂದರೆ ಜನ ನಗುತ್ತಾರೆ, ಆದರೆ ಅದು ನಿಜ. ಕ್ರೇನ್ ನಡೆಸುವವನು ಕೆಳಗೆ ತನ್ನ ಡಬ್ಬಿಯೊಳಗೆ ಕೂತಿರುತ್ತಾನೆ. ಕಂಬದ ನೆತ್ತಿಯ ಮೇಲೆ ಏನು ನಡೆದಿದೆ ಎಂಬುದು ಅವನಿಗೆ ಕಾಣುವುದಿಲ್ಲ. ಮೇಲೆ ನಿಂತು ಅವನಿಗೆ ಎತ್ತು, ಇಳಿಸು, ನಿಲ್ಲಿಸು ಎಂದು ಹೇಳುವವನೊಬ್ಬ ಬೇಕು. ಕೈ ಕಂಡರೆ ಕೈಸನ್ನೆ, ಕಾಣದಿದ್ದರೆ ಬಾಯಿ. ಅಪ್ಪನ ಗಂಟಲು ದೊಡ್ಡದು. ಊರಲ್ಲಿ ಭಜನೆಗೆ ಕೂತರೆ ಹಳ್ಳದ ಆಚೆ ದಂಡೆಗೆ ಕೇಳುತ್ತಿತ್ತಂತೆ. ಪುಣೆಗೆ ಬಂದು ಒಂದೆರಡು ವರ್ಷ ಕಾಂಕ್ರೀಟಿನ ಬುಟ್ಟಿ ಹೊತ್ತ ಮೇಲೆ ಆ ದನಿ ಮುಕಾದಮನ ಕಿವಿಗೆ ಬಿತ್ತು. ಮುಕಾದಮ ಅಂದರೆ ನಮ್ಮ ಯಾದಗಿರಿ ಕಡೆಯಿಂದ ಆಳುಗಳನ್ನು ಕೂಡಿಸಿ ತಂದು ಕಂಪನಿಗೆ ಒಪ್ಪಿಸುವವನು. ಅಪ್ಪನ ತಲೆಯ ಮೇಲಿನ ಬುಟ್ಟಿ ಇಳಿಯಿತು. ಅವ್ವ ಅದನ್ನು "ಒದರಿ ಉಣ್ಣೂ ಕೆಲಸ" ಎಂದು ಚೇಷ್ಟೆ ಮಾಡುತ್ತಿದ್ದಳು. ಆ ಕೆಲಸಕ್ಕೆ ಅಪ್ಪ ತೆತ್ತದ್ದು ಕಿವಿ. ದಿನವಿಡೀ ಯಂತ್ರಗಳ ಗದ್ದಲದ ಪಕ್ಕದಲ್ಲೇ ನಿಂತು ನಿಂತು ಮೊದಲು ಎಡಗಿವಿ ಮಂದವಾಯಿತು. ತನ್ನ ದನಿ ತನಗೇ ಕೇಳದೆ ಇನ್ನೂ ಜೋರಾಗಿ ಕೂಗತೊಡಗಿದ. ಮುಕಾದಮನಿಗೆ ಅದೂ ಲಾಭವೇ.

ತೊಂಬತ್ತರ ದಶಕದ ನಡುವೆ ಅಪ್ಪ, ಅವ್ವ ಪುಣೆಗೆ ಬಂದಾಗ ನನ್ನನ್ನು ಊರಲ್ಲಿ ಅಮ್ಮನ ಹತ್ತಿರ, ಅಂದರೆ ಅಪ್ಪನ ತಾಯಿಯ ಹತ್ತಿರ, ಬಿಟ್ಟಿದ್ದರು. ಕನ್ನಡ ಶಾಲೆಯಲ್ಲಿ ಐದನೆಯ ತರಗತಿ ಮುಗಿಸಿದೆ. ಅಮ್ಮ ತೀರಿಕೊಂಡ ಮೇಲೆ ನಾನೂ ಬಂದೆ. ತಗಡಿನ ಶೆಡ್ಡು, ಹತ್ತು ಮನೆಗೊಂದು ನಳ, ಮರಾಠಿ ಶಾಲೆ. ಅಲ್ಲಿ ಟೀಚರಿಗೆ ಬಾಯಿ ಅನ್ನುತ್ತಾರೆ. ಅದನ್ನು ಕೇಳಿ ಬಂದ ನಗೆಯನ್ನು ತಡೆದುಕೊಳ್ಳುವುದರಲ್ಲೇ ನನಗೆ ಸಾಕಾಗಿತ್ತು. ಮೊದಲ ದಿನ ಬಾಯಿ ನನ್ನನ್ನು ಎಬ್ಬಿಸಿ ಹೆಸರು ಕೇಳಿದರು, ಹೇಳಿದೆ. "ಖಾಲೀ ಬಸ್" ಅಂದರು. ನಾನು ಕಿಟಕಿಯ ಕಡೆ ತಿರುಗಿ ರಸ್ತೆ ನೋಡಿದೆ. ಯಾವ ಬಸ್ಸೂ ಇರಲಿಲ್ಲ. "ಅಗ, ಖಾಲೀ ಬಸ್!" ಎಂದು ಮತ್ತೊಮ್ಮೆ ಗದರಿದರು. ನಾನು ಬಾಗಿಲವರೆಗೆ ಹೋಗಿ ನೋಡಿದೆ. ತರಗತಿಯೆಲ್ಲ ಬಿದ್ದು ಬಿದ್ದು ನಕ್ಕಿತು. ಮರಾಠಿಯಲ್ಲಿ ಖಾಲೀ ಅಂದರೆ ಕೆಳಗೆ, ಬಸ್ ಅಂದರೆ ಕೂಡು. ಬರಿದಾದದ್ದಕ್ಕೆ ಅವರು ರಿಕಾಮಾ ಅನ್ನುತ್ತಾರೆ. ಇದನ್ನು ಆ ಸಂಜೆ ನನಗೆ ಬಿಡಿಸಿ ಹೇಳಿದವನು ಅಪ್ಪನೇ. ಇದು ಮುಂದಿನ ಮಾತಿಗೆ ಬೇಕು, ಅದಕ್ಕೇ ಹೇಳಿದೆ. ಅವನಿಗೆ ಈ ಶಬ್ದ ಗೊತ್ತಿರಲಿಲ್ಲ ಎಂದು ಯಾರೂ ತಿಳಿಯಬಾರದು.

ನಮ್ಮ ಜೊತೆಗೇ ಇದ್ದ ಕಾಕಾ ಈ ಸಂಗತಿಯನ್ನು ಇಡೀ ಶೆಡ್ಡುಗಳ ಸಾಲಿಗೆ ಹಂಚಿದ. ತಿಂಗಳುಗಟ್ಟಲೆ ನಾನು ಶಾಲೆಯಿಂದ ಬಂದ ಕೂಡಲೇ ಯಾರಾದರೂ ಕೇಳುವುದೇ: "ಏನವಾ, ಖಾಲಿ ಬಸ್ ಸಿಕ್ತೇನು?" ಕಾಕಾ ಅಂಥವನು. ಅಪ್ಪನಿಗಿಂತ ಹತ್ತು ವರ್ಷ ಚಿಕ್ಕವನು, ತೆಳ್ಳಗೆ, ಬಾಯಿಗೆ ಬಿಡುವಿಲ್ಲದವನು. ಮರುವರ್ಷ ಊರಿಗೆ ಹೋಗಿ ಮದುವೆಯಾಗಿ ಕಾಕಿಯನ್ನು ಕರೆತಂದ. ಅವಳಿಗೂ ಅದೇ ಪಾಠವಾಯಿತು. ಕಿಕ್ಕಿರಿದ ಬಸ್ಸಿನಲ್ಲಿ ಕಂಡಕ್ಟರ್ "ಖಾಲೀ ಉತರಾ, ಖಾಲೀ ಉತರಾ" ಎಂದು ಕೂಗಿದರೆ, ಇವಳು "ಎಲ್ಲಿ ಖಾಲಿ ಅದರೀ, ಕಾಲಿಡಾಕ ಜಾಗಿಲ್ಲ!" ಎಂದು ಅವನ ಮೇಲೇ ಏರಿಹೋದಳು. ಅವನು ಇಳಿಯಿರಿ ಎನ್ನುತ್ತಿದ್ದ. ಆವತ್ತಿನಿಂದ ಶೆಡ್ಡಿನಲ್ಲಿ ನನ್ನ ಕಥೆ ಹಳತಾಯಿತು.

ಕಾಕಿ ಬಂದ ಮೇಲೆ ನನಗೊಂದು ಕೆಲಸ ಹತ್ತಿತು. ನಮ್ಮಲ್ಲಿ ತಮ್ಮನ ಹೆಂಡತಿ ಭಾವನ ಜೊತೆ ಮಾತಾಡುವುದಿಲ್ಲ. ಎದುರಿಗೆ ಬಂದರೆ ಸೆರಗು ಹಣೆಯವರೆಗೆ ಎಳೆದು ಒಳಗೆ ಸರಿಯುತ್ತಾಳೆ. ಊರಿನ ಮನೆಯಲ್ಲಿ ಪಡಸಾಲೆ ಇದೆ, ಅಡುಗೆಮನೆ ಇದೆ, ಹಿತ್ತಲಿದೆ, ಸರಿಯಲು ಜಾಗವಿದೆ. ನಮ್ಮ ಶೆಡ್ಡಿನಲ್ಲಿ ಒಂದೇ ಖೋಲಿ, ಐದು ಜನ. ಆದರೂ ಕಾಕಿ ಪದ್ಧತಿ ಬಿಡಲಿಲ್ಲ. ಅಪ್ಪ ಮೂರು ಮೊಳ ದೂರದಲ್ಲಿ ಗೋಡೆಗೆ ಒರಗಿ ಕೂತಿರುತ್ತಿದ್ದ. ಅವಳು ಒಲೆಯ ಕಡೆ ಮುಖ ಮಾಡಿ ನನಗೆ ಹೇಳುತ್ತಿದ್ದಳು, "ಭಾವಾರಿಗಿ ಕೇಳು, ಚಾ ಬೇಕೇನಂತ." ಅಪ್ಪ ಅದನ್ನು ಕೇಳಿಸಿಕೊಂಡೇ, "ಬೇಕಂತ ಹೇಳು, ಸಕ್ರಿ ಕಮ್ಮಿ" ಅನ್ನುತ್ತಿದ್ದ. ನಾನು ನಡುವೆ ಕೂತು ಎರಡೂ ಕಡೆಗೆ ದಾಟಿಸುತ್ತಿದ್ದೆ. ಕಾಕಾ ನನಗೆ ಟೆಲಿಫೋನ್ ಎಕ್ಸ್‌ಚೇಂಜ್ ಎಂದು ಹೆಸರಿಟ್ಟ. ನಾನು ಸಿಟ್ಟಿನಿಂದ ಸುಮ್ಮನಾದರೆ "ಲೈನ್ ಕಟ್ ಆಗ್ಯಾದ ನೋಡ್ರಿ" ಅನ್ನುತ್ತಿದ್ದ. ಕಾಕಿ ಸೆರಗಿನೊಳಗೇ ನಗುತ್ತಿದ್ದಳು. ಅಪ್ಪನಿಗೆ ಅವಳ ಮುಖ ಸರಿಯಾಗಿ ನೋಡಿದ ನೆನಪೇ ಇಲ್ಲವಂತೆ. ಆದರೆ ಊರಿಗೆ ಹೋಗಿ ಬರುವಾಗಲೆಲ್ಲ ಅವ್ವನಿಗೆ ತಂದ ಬಳೆಯಷ್ಟೇ ಬಳೆ ಅವಳಿಗೂ ತರುತ್ತಿದ್ದ. ಅದನ್ನೂ ನನ್ನ ಕೈಯಿಂದಲೇ ಕೊಡಿಸಬೇಕು.

ಹೊಸ ಶತಮಾನ ಹುಟ್ಟಿದ ಮೇಲೆ ಫ್ಲೈಓವರಿನ ಕೆಲಸ ಶುರುವಾಯಿತು. ಅಪ್ಪ, ಕಾಕಾ ಇಬ್ಬರೂ ಮೇಲೆ. ಕಾಂಕ್ರೀಟು ತುಂಬಿದ ದೊಡ್ಡ ಬಕೆಟ್ಟನ್ನು ಕ್ರೇನ್ ಕಂಬದ ನೆತ್ತಿಗೆ ತರುತ್ತಿತ್ತು. ಕಾಕಾ ಅದರ ಬಾಯಿ ತೆರೆದು ಸುರಿಯಬೇಕು, ಅಪ್ಪ ಕೂಗಬೇಕು. ಕಾಕಿ ಕೆಳಗೆ, ತಯಾರಾದ ಕಂಬಗಳಿಗೆ ಗೋಣಿತಾಟು ಸುತ್ತಿ ನೀರು ಹೊಡೆಯುತ್ತಿದ್ದಳು. ಅವ್ವ ಹತ್ತಿರದ ಫ್ಲ್ಯಾಟುಗಳಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ಕ್ರೇನಿನವನು ಬಿಹಾರದ ಕಡೆಯವನು, ಹಿಂದಿ ಮಾತಾಡುತ್ತಿದ್ದ. ಅಪ್ಪ "ಉಪ್ಪರ್" ಅಂದರೆ ಅವನು ಎತ್ತುತ್ತಿದ್ದ, "ನೀಚೆ" ಅಂದರೆ ಇಳಿಸುತ್ತಿದ್ದ. ಬಕೆಟ್ಟು ಬರಿದಾದ ಕೂಡಲೇ ಅಪ್ಪ "ಖಾಲಿ! ಖಾಲಿ!" ಎಂದು ಎರಡು ಸಲ ಒದರುತ್ತಿದ್ದ. ಹಿಂದಿಯಲ್ಲೂ ಖಾಲಿ ಅಂದರೆ ಖಾಲಿಯೇ, ನಮ್ಮಲ್ಲಿಯ ಹಾಗೆ. ಕ್ರೇನಿನವನು ಬಕೆಟ್ಟನ್ನು ಎತ್ತಿ ಆಚೆ ಒಯ್ಯುತ್ತಿದ್ದ. ತಿಂಗಳುಗಟ್ಟಲೆ ಹೀಗೇ ನಡೆಯಿತು. ಶಾಲೆಯಿಂದ ಬರುವಾಗ ದೂರದಿಂದಲೇ ನನಗೆ ಅಪ್ಪನ "ಖಾಲಿ" ಕೇಳುತ್ತಿತ್ತು. ಕೇಳಿದರೆ ಮನೆ ಬಂತು ಅನಿಸುತ್ತಿತ್ತು.

ತಂಗಿಯ ಮದುವೆಗೆಂದು ಆ ಬಿಹಾರದವನು ಊರಿಗೆ ಹೋದ. ಅವನ ಜಾಗಕ್ಕೆ ಸಾತಾರಾ ಕಡೆಯ ಮರಾಠಿ ಹುಡುಗನೊಬ್ಬ ಬಂದ. ಕೆಟ್ಟವನಲ್ಲ, ಅವಸರದವನೂ ಅಲ್ಲ. ಮರಾಠಿಯವನೆಂದು ತಿಳಿದು ಅಪ್ಪ ಬೆಳಿಗ್ಗೆಯಿಂದ ಹುಷಾರಾಗಿ ಮರಾಠಿಯಲ್ಲೇ ಕೂಗಿದ. ಎತ್ತುವುದಕ್ಕೆ "ವರ್", ನಿಲ್ಲಿಸುವುದಕ್ಕೆ "ಥಾಂಬ್", ಇಳಿಸುವುದಕ್ಕೆ "ಖಾಲೀ". ಬಕೆಟ್ಟು ಬರಿದಾದಾಗಲೂ ನೆನಪಿಟ್ಟು "ವರ್" ಎಂದೇ ಅಂದನಂತೆ. ಮಧ್ಯಾಹ್ನ ರೊಟ್ಟಿ ತಿಂದು ಮತ್ತೆ ಮೇಲೆ ಹತ್ತಿದರು. ಒಂದೆರಡು ಬಕೆಟ್ಟು ಸುರಿದಾಯಿತು. ಮುಂದಿನದನ್ನು ಕಾಕಾ ಸುರಿದು, ತಳಕ್ಕೆ ಅಂಟಿದ್ದನ್ನು ಸಲಾಕೆಯಿಂದ ಕೆರೆದ, ಬಕೆಟ್ಟಿನ ಅಂಚು ಹಿಡಿದು ಅದರಡಿಗೆ ಬಗ್ಗಿ ನೋಡಿದ. ಅಪ್ಪನ ಬಾಯಿಂದ "ಖಾಲಿ! ಖಾಲಿ!" ಎಂದು ಬಂತು.

ಕ್ರೇನಿನವನು ಇಳಿಸಿದ. ಬೆಳಿಗ್ಗೆಯಿಂದ ಆ ಗಂಟಲು ಆ ಶಬ್ದ ಅಂದಾಗಲೆಲ್ಲ ಅವನು ಇಳಿಸಿದ್ದ, ಈಗಲೂ ಇಳಿಸಿದ. ಬಕೆಟ್ಟು ಕಾಕಾನ ಹೆಗಲ ಮೇಲೆ ಕೂತು, ಅವನನ್ನು ಹಲಗೆಯ ಮೇಲಿಂದ ನೂಕಿತು. ಕಾಕಿ ಕೈಯಲ್ಲಿ ನೀರಿನ ಪೈಪು ಹಿಡಿದು ಪಕ್ಕದ ಕಂಬದ ಬುಡದಲ್ಲಿದ್ದಳು.

ನಾನು ಶಾಲೆಯಲ್ಲಿದ್ದೆ. ಬರುವಾಗ ಅಪ್ಪನ ದನಿ ಕೇಳಲಿಲ್ಲ. ಸಾಮಾನು ಬಂದಿಲ್ಲದೆ ಕೆಲಸ ನಿಂತಿರಬೇಕು ಅಂದುಕೊಂಡೆ. ಅಷ್ಟು ಸಲ ಕೇಳಿದ ಆ ಕೂಗನ್ನು ಆಮೇಲೆ ನಾನು ಕೇಳಲೇ ಇಲ್ಲ.

ಮರುದಿನ ಸೈಟಿನ ಸಾಹೇಬರು ಶೆಡ್ಡಿಗೆ ಬಂದರು, ಜೊತೆಗೆ ಮುಕಾದಮ. ಅಪ್ಪ ಹೊರಗೆ ಕಲ್ಲಿನ ಮೇಲೆ ಕೂತಿದ್ದ. ಕಾಕಿಯನ್ನು ಹೆಂಗಸರು ಹಿಡಿದುಕೊಂಡಿದ್ದರು. ಕ್ರೇನಿನವನನ್ನು ಬಿಟ್ಟರೆ ಹತ್ತಿರದಲ್ಲಿದ್ದು ಕೇಳಿದವಳು ಅವಳೊಬ್ಬಳೇ, ಆದ್ದರಿಂದ ಅವಳನ್ನೇ ಕೇಳಬೇಕಿತ್ತು. ಸಾಹೇಬರು ಮರಾಠಿಯಲ್ಲಿ ಏನೋ ಕೇಳಿದರು. ಮುಕಾದಮ ಕನ್ನಡ ಮಾಡಿದ, "ನಿಮ್ಮ ಭಾವ ಏನಂತ ಒದರಿದ, ಖರೇ ಹೇಳವಾ."

ಕಾಕಿ ಸೆರಗಿನೊಳಗಿಂದ ಹೇಳಿದಳು, "ಖಾಲಿ ಅಂದ್ರು."

ಆ ಶಬ್ದಕ್ಕೆ ಅನುವಾದವೇ ಬೇಕಾಗಲಿಲ್ಲ. ಸಾಹೇಬರು ತಲೆಯಾಡಿಸಿದರು. ಇಳಿಸು ಅಂದದ್ದು ಇವರ ಮನುಷ್ಯನೇ, ಕ್ರೇನಿನವನದು ತಪ್ಪಿಲ್ಲ, ಕಂಪನಿಯದಂತೂ ಮೊದಲೇ ಇಲ್ಲ. ಮುಕಾದಮನಿಗೆ ಎರಡು ಭಾಷೆ ಬರುತ್ತಿತ್ತು. ತನ್ನ ಕೆಲಸ ಉಳಿಸಿಕೊಳ್ಳುವ ಭಾಷೆಯೂ ಬರುತ್ತಿತ್ತು, ಆವತ್ತು ಅದನ್ನೇ ಆಡಿದ, ಅಂದರೆ ಸುಮ್ಮನಿದ್ದ. ಅಪ್ಪ ಕಲ್ಲಿನ ಮೇಲಿಂದ ಎದ್ದು ನಳದ ಕಡೆ ಹೋಗಿ, ನೀರು ಬರದ ಹೊತ್ತಿನಲ್ಲಿ ನಳದ ಮುಂದೆ ನಿಂತ. ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ಕನ್ನಡ ಶಾಲೆಯ ಗೋಡೆಯ ಮೇಲೆ ಬರೆದಿತ್ತು. ನಮ್ಮಪ್ಪ ಮೂರು ಮಾತು ಬಲ್ಲವನು.

ಕಾಕಾನನ್ನು ಊರಿಗೆ ಒಯ್ದು ಮಣ್ಣು ಮಾಡಿದೆವು. ಕಾಕಿಗೆ ಮಕ್ಕಳಿರಲಿಲ್ಲ. ತವರಿನವರು ಕರೆದರು, ಬೇರೆ ಮನೆ ಮಾಡಿಕೊಡುತ್ತೇವೆ ಎಂದೂ ಅಂದರು. ಅವಳು ಒಲ್ಲೆ ಅಂದಳು. "ಯಕ್ಕಾ, ನಿಮ್ಮ ಕೂಡೇ ಇರ್ತೀನಿ" ಎಂದು ಅವ್ವನ ಹಿಂದೆ ಬಸ್ಸು ಹತ್ತಿದಳು. ಅಪ್ಪ ಡ್ರೈವರಿನ ಹಿಂದಿನ ಸೀಟಿನಲ್ಲಿ ಕೂತಿದ್ದ, ಹಿಂದೆ ತಿರುಗಿ ನೋಡಲಿಲ್ಲ.

ಕೂಗುವ ಕೆಲಸ ಅವನಿಗೆ ಯಾರೂ ಕೊಡಲಿಲ್ಲ, ಅವನೂ ಕೇಳಲಿಲ್ಲ. ಪುಣೆಯ ಹೊರಗಿನ ತಳೇಗಾಂವದ ಕಾರ್ಖಾನೆಗಳ ಸಾಲಿನಲ್ಲಿ ಒಂದು ಗೇಟಿಗೆ ವಾಚ್‌ಮನ್ ಆದ. ಟ್ರಕ್ಕು ಬಂದರೆ ಅಡ್ಡಗೋಲು ಎತ್ತುವುದು, ಹೋದ ಮೇಲೆ ಇಳಿಸುವುದು. ಎತ್ತುವುದು, ಇಳಿಸುವುದು ಅಲ್ಲೂ ತಪ್ಪಲಿಲ್ಲ, ಬಾಯಿ ಮಾತ್ರ ಬೇಕಿರಲಿಲ್ಲ. ಕಾಕಿಗೆ ಇನ್ನೊಂದು ಕಂಪನಿಯ ಕ್ಯಾಂಟೀನಿನಲ್ಲಿ ಕೆಲಸ ಸಿಕ್ಕಿತು. ನಾವು ಅಲ್ಲೇ ಎರಡು ಖೋಲಿಯ ಮನೆ ಹಿಡಿದೆವು. ಎರಡನೆಯ ಖೋಲಿಯಲ್ಲಿ ನಾನು, ಕಾಕಿ.

ಆ ಮನೆಯಲ್ಲಿ ಒಂದು ಶಬ್ದ ಸತ್ತುಹೋಯಿತು. ಯಾರೂ ಹೀಗೆ ಮಾಡೋಣ ಎಂದು ಮಾತಾಡಿಕೊಂಡದ್ದಿಲ್ಲ. ಗ್ಯಾಸ್ ಮುಗಿದರೆ ಅವ್ವ "ತೀರೇದ" ಅನ್ನುತ್ತಿದ್ದಳು. ಡಬ್ಬಿ ನೋಡಿ "ಏನಿಲ್ಲ ಇದರಾಗ" ಅನ್ನುತ್ತಿದ್ದಳು. ಬಸ್ಸಿನಲ್ಲಿ "ಜಾಗಾ ಅದ." ಬರಿಗೈ, ಬರಿಹೊಟ್ಟೆ, ಬರಿ ಮನೆ. ಕನ್ನಡದಲ್ಲಿ ಅದಿಲ್ಲದೆ ಬದುಕಲು ಬರುತ್ತದೆ, ಬಹಳ ಕಷ್ಟವೇನಿಲ್ಲ. ಪುಣೆಯ ಕಡೆ ಮಾತ್ರ ಬರುವುದಿಲ್ಲ. ಹಗಲೆಲ್ಲ ಊರು ಆ ಶಬ್ದ ಆಡುತ್ತದೆ. ನೆರೆಮನೆಯ ಅಜ್ಜಿ ಮಾಳಿಗೆಯ ಮೇಲಿನ ಮೊಮ್ಮಗನನ್ನು "ಖಾಲೀ ಯೇ" ಎಂದು ಕರೆದರೆ, ಉಣ್ಣುತ್ತಿದ್ದ ಅಪ್ಪನ ಕೈ ತಾಟಿನಲ್ಲೇ ನಿಲ್ಲುತ್ತಿತ್ತು. ನಾವು ಮೂವರು ಹೆಂಗಸರು ಬೇರೆ ಕಡೆ ನೋಡುತ್ತಿದ್ದೆವು. ನಾನು ಓದು ಮುಗಿಸಿ ಪುಣೆಯ ಕ್ಯಾಂಪ್ ಪ್ರದೇಶದ ಒಂದು ರಕ್ತ ತಪಾಸಣೆಯ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದ ಮೇಲೆ, ಅಲ್ಲಿದ್ದ ಬೆಂಗಳೂರಿನವಳೊಬ್ಬಳು "ಸಂಜೆ ಖಾಲಿ ದೋಸೆ ತಿನ್ನೋಣ್ವಾ?" ಅಂದಳು. ನನಗೆ ತಟ್ಟನೆ ಕಣ್ಣು ತುಂಬಿತು. ಪಾಪ, ಅವಳು ದೋಸೆಗೆ ಕರೆದು ಪೇಚಿಗೆ ಸಿಕ್ಕಿದಳು.

ಅಪ್ಪನಿಗೆ ಬೇಕಾದದ್ದು ಒಂದೇ. ಕಾಕಿ ತನ್ನನ್ನು ತಪ್ಪಿತಸ್ಥ ಅನ್ನುತ್ತಾಳೋ ಇಲ್ಲವೋ. ಅದನ್ನು ತಿಳಿಯುವ ದಾರಿಯೇ ಇರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಮಾತು ಬಿಟ್ಟರೆ ಸಿಟ್ಟು, ಆಡಿದರೆ ಇಲ್ಲ ಎಂದು ಲೆಕ್ಕ. ಇವಳು ಮೊದಲೂ ಆಡುತ್ತಿರಲಿಲ್ಲ, ಆಮೇಲೂ ಆಡಲಿಲ್ಲ. ಸೆರಗು ಅಷ್ಟೇ ಇತ್ತು, ಮೂರು ಮೊಳವೂ ಅಷ್ಟೇ. ಬಿಸಿ ರೊಟ್ಟಿ ಮೊದಲು ಅಪ್ಪನ ತಾಟಿಗೇ ಬೀಳುತ್ತಿತ್ತು. ಒಂದು ಬದಲಾವಣೆ ನಾನು ಕಂಡೆ. ಮೊದಲು "ಚಾ ಬೇಕೇನಂತ ಕೇಳು" ಅನ್ನುತ್ತಿದ್ದವಳು ಈಗ "ಭಾವಾರಿಗಿ ಚಾ ಕೊಡು" ಎಂದಷ್ಟೇ ಅನ್ನುತ್ತಿದ್ದಳು. ಅದು ಸಿಟ್ಟೋ, ಕೇಳಿ ತೊಂದರೆ ಕೊಡುವುದೇಕೆ ಎಂಬ ಮರುಕವೋ? ನಾನು ಎಷ್ಟು ತಿರುವಿ ನೋಡಿದರೂ ಬಗೆಹರಿಯಲಿಲ್ಲ.

ಒಂದು ಸಲ ಮಾತ್ರ ಅಪ್ಪ ಬಾಯಿ ಬಿಟ್ಟ. ಅವನನ್ನು ಕಿವಿಯ ಡಾಕ್ಟರಿಗೆ ತೋರಿಸಿ ತಳೇಗಾಂವ ಸ್ಟೇಷನ್ನಿನಲ್ಲಿ ಇಳಿದಿದ್ದೆವು. ಬೆಂಚಿನ ಮೇಲೆ ಕೂತವನು ರೈಲು ಹೋಗುವವರೆಗೆ ಕಾದು ಹೇಳಿದ:

"ಮುಂಜಾನಿಂದ ಖಾಲೀ ಖಾಲೀ ಅಂತ ಇಳಸಂತನೇ ಒದರಿದ್ದೆ. ಆವಾಗ ಯಾವ ಭಾಷಾದಾಗ ಒದರಿದೆನೋ ನನಗೇ ತಿಳೀವಲ್ದವಾ. ಬರಿದಾತು ಅಂತ ಅಂದೆನೋ, ಇಳಸು ಅಂತ ಅಂದೆನೋ. ಅಕಿ ಕೆಳಗ ಇದ್ಲು. ಅಕಿ ಸಾಹೇಬಗ ಖಾಲಿ ಅಂದ್ರು ಅಂತ ಹೇಳಿದ್ಲಲ್ಲ, ಯಾವ ಖಾಲಿ ಹೇಳಿದ್ಲು?"

"ಕೇಳ್ಲೇನು?" ಅಂದೆ.

"ಬ್ಯಾಡ. ನೀ ಕೇಳಿದ್ರ ನನ್ನ ಮಾರಿ ನೋಡಿ ಹೇಳತಾಳ. ಅಕಿ ತಾನಾಗೇ ಅನಬೇಕು."

ಅವ್ವನಿಗೆ ಹೇಳಿದೆ. ಅವಳೂ ಬೇಡವೆಂದಳು. "ಮಾತು ಆಡಿದ್ರ ಹೋತು, ಮುತ್ತು ಒಡೆದ್ರ ಹೋತು ಅಂತಾರ. ಕೇಳೀವಿ ಅಂತ ತಿಳಕೋ, ಹೌದು ನಿಮ್ಮಪ್ಪಂದೇ ತಪ್ಪು ಅಂದ್ಲಂದ್ರ? ಎರಡು ಖೋಲಿ ಮನ್ಯಾಗ ಅದನ್ನ ಎಲ್ಲಿಡೂದು?" ಅವಳ ಮಾತಿನಲ್ಲಿ ತಪ್ಪಿರಲಿಲ್ಲ. ನನಗೆ ಮಾತ್ರ ಇಬ್ಬರ ಮೇಲೂ ಅಲ್ಲ, ಮೂವರ ಮೇಲೂ ರೇಗುತ್ತಿತ್ತು. ಒಂದು ಮಾತಿಗಾಗಿ ಮನುಷ್ಯ ಎಷ್ಟು ಕಾಯಬೇಕು?

ವರ್ಷಗಳು ಹೋದವು. ನನ್ನ ಮದುವೆಯಾಗಿ ನಾನು ಪುಣೆಗೆ ಬಂದೆ. ಎಕ್ಸ್‌ಚೇಂಜ್ ಹೋದ ಮೇಲೆ ಅವ್ವನೇ ನಡುವೆ ಕೂತು ದಾಟಿಸತೊಡಗಿದಳು. ಅಪ್ಪನ ಎಡಗಿವಿ ಪೂರ್ತಿ ಹೋಯಿತು, ಬಲಗಿವಿ ಅರ್ಧ. ಗೇಟಿನ ಕೆಲಸವೂ ಮುಗಿಯಿತು. ಹೀಗಿರುವಾಗ ಟೀವಿಯಲ್ಲಿ ಫ್ಲೈಓವರ್ ಒಡೆಯುವುದನ್ನು ತೋರಿಸಿದರು. ಅಪ್ಪ ಎದ್ದು ಹೋಗಿ ಟೀವಿಯ ಮುಂದೆ ನಿಂತು ನೋಡಿದನಂತೆ. ಎಷ್ಟೋ ತಿಂಗಳ ಮೇಲೆ ಒಂದು ದಿನ ಫೋನಿನಲ್ಲಿ "ಆ ಜಾಗಾ ನೋಡಬೇಕು" ಅಂದ.

ಅವ್ವನಿಗೆ ಮೊಣಕಾಲು ನೋವು, ಲೋಕಲ್ ಹತ್ತಲು ಆಗುವುದಿಲ್ಲ. ಕಿವುಡನನ್ನು ಒಬ್ಬನೇ ಕಳಿಸುವಂತಿಲ್ಲ. ಕಾಕಿ ಬಂದಳು. ಶಿವಾಜಿನಗರ ಸ್ಟೇಷನ್ನಿನಲ್ಲಿ ನಾನು ಕಾಯುತ್ತಿದ್ದೆ. ಗಂಡಸರ ಡಬ್ಬಿಯಿಂದ ಅಪ್ಪ ಇಳಿದ, ಹೆಂಗಸರ ಡಬ್ಬಿಯಿಂದ ಕಾಕಿ. ಅವನು ಮುಂದೆ, ಅವಳು ಹತ್ತು ಹೆಜ್ಜೆ ಹಿಂದೆ. ಕಾಕಿಯ ಕೂದಲು ಅರ್ಧ ಬೆಳ್ಳಗಾಗಿತ್ತು. ಸೆರಗು ಹಣೆಯ ಮೇಲೇ ಇತ್ತು. ರಿಕ್ಷಾದಲ್ಲಿ ನಾನು ನಡುವೆ ಕೂತೆ.

ಚೌಕಿಗೆ ಬಂದರೆ ಅಪ್ಪನಿಗೆ ಜಾಗದ ಗುರುತೇ ಹತ್ತಲಿಲ್ಲ. ಎಲ್ಲ ಕಡೆ ತಗಡಿನ ಅಡ್ಡಗೋಡೆ, ಅದರಾಚೆ ಹಳೆಯ ಕಂಬಗಳಿಗಿಂತ ಎರಡು ಪಟ್ಟು ದಪ್ಪನೆಯ ಕಂಬಗಳು. ಅವುಗಳಿಂದ ಎರಡೂ ಬದಿಗೆ ಚಾಚಿದ ತೊಲೆಗಳ ಮೇಲೆ ಸ್ಟೇಷನ್ನಿನ ನೆಲ ಹಾಕುತ್ತಿದ್ದರು. ಬಿಸಿಲು ಸುಡುತ್ತಿತ್ತು. ಅಪ್ಪ ಅತ್ತ ತಿರುಗಿದ, ಇತ್ತ ತಿರುಗಿದ. ಕೊನೆಗೆ ರಸ್ತೆಯಾಚೆಯ ಹಳೆಯ ಬಂಗಲೆಯ ಕಲ್ಲಿನ ಕಂಪೌಂಡು ಕಂಡಿತು. ಅದರಿಂದ ಅಳೆದು, ಇಲ್ಲೇ ಎಂದು ಬೆರಳು ತೋರಿಸಿದ. ಅಲ್ಲಿ ಏನೂ ಇರಲಿಲ್ಲ. ಎರಡು ಹೊಸ ಕಂಬಗಳ ನಡುವಿನ ಬಯಲು, ಅದರಲ್ಲಿ ಒಂದು ನೀರಿನ ಟ್ಯಾಂಕರು.

ಫುಟ್‌ಪಾತಿನ ಬದಿಗೆ ಸಿಮೆಂಟಿನ ಇಟ್ಟಿಗೆ ಪೇರಿಸಿದ್ದರು. ಅಪ್ಪ ಅದರ ಮೇಲೆ ಹತ್ತಿ ತಗಡಿನಾಚೆ ಇಣುಕಿದ. ಕ್ರೇನ್ ನಡೆಯುತ್ತಿತ್ತು. ಹಳದಿ ಜಾಕೀಟು ತೊಟ್ಟವನೊಬ್ಬ ಮೇಲೆ ನಿಂತು ಕೈಯಲ್ಲಿ ಬಾವುಟ, ಬಾಯಲ್ಲಿ ಸೀಟಿ ಹಿಡಿದಿದ್ದ.

"ಬಾಯಿನೇ ತೆರೀವಲ್ಲ ನೋಡು" ಅಂದ ಅಪ್ಪ. "ಬರೇ ಸೀಟಿ ಹೊಡೀತಾನ."

ಸೀಟಿಗೆ ಭಾಷೆಯಿಲ್ಲ. ಆಗಲೂ ಅಂಗಡಿಯಲ್ಲಿ ಸೀಟಿ ಸಿಗುತ್ತಿತ್ತು, ಜಾತ್ರೆಯಲ್ಲಿ ಮಕ್ಕಳು ಕೊಳ್ಳುವಂಥದ್ದು. ನಮ್ಮಪ್ಪನಿಗೆ ಒಂದು ಕೊಡಿಸಬೇಕೆಂದು ಯಾವ ಸಾಹೇಬನಿಗೂ ಹೊಳೆದಿರಲಿಲ್ಲ.

ಅಷ್ಟರಲ್ಲಿ ಗೇಟಿನ ಗಾರ್ಡ್ ನೋಡಿ ಓಡಿ ಬಂದ. ಅಪ್ಪನಿಗೆ ಕೇಳುವುದಿಲ್ಲವೆಂದು ಅವನಿಗೇನು ಗೊತ್ತು? ಹತ್ತಿರ ಬಂದು, ಗಂಟಲು ಹರಿಯುವ ಹಾಗೆ ಕೂಗಿದ: "ಆಜೋಬಾ, ಖಾಲೀ! ಖಾಲೀ ಉತರಾ, ಖಾಲೀ!"

ಅದು ಅಪ್ಪನಿಗೆ ಕೇಳಿಸಿತು. ಇಟ್ಟಿಗೆಯ ಮೇಲೆ ನಿಂತಲ್ಲೇ ಅವನ ಒಂದು ಕೈ ಗಾಳಿಯಲ್ಲಿ ಚಾಚಿಕೊಂಡಿತು, ಏನನ್ನೋ ಹಿಡಿಯುವವನ ಹಾಗೆ. ಹಾಗೇ ನಿಂತ. ಇಳಿಯಲಿಲ್ಲ, ಅಲುಗಲಿಲ್ಲ. ನಾನು ಮುಂದೆ ಹೋಗುವುದರೊಳಗೆ ಕಾಕಿ ನನ್ನನ್ನು ದಾಟಿ ಹೋದಳು. ಆ ಹತ್ತು ಹೆಜ್ಜೆಯನ್ನು ಅವಳು ದಾಟಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಸೆರಗು ಹಿಡಿದುಕೊಂಡು, ನೆಲ ನೋಡುತ್ತ, ನನಗಲ್ಲ, ಗೋಡೆಗಲ್ಲ, ಅವನಿಗೇ ಹೇಳಿದಳು:

"ಭಾವಾರ, ನೀವು ಖಾಲಿ ಅಂದದ್ದು ನಾ ಕೇಳೀನ್ರಿ. ನನಗ ಕನ್ನಡದಾಗೇ ಕೇಳಿಸಿತ್ರಿ."

ಮೆಲ್ಲಗೆ ಹೇಳಿದಳು, ಅದೂ ಎಡಗಿವಿಯ ಕಡೆ ನಿಂತು. ಅಪ್ಪನಿಗೆ ಅವಳ ತುಟಿ ಅಲುಗಿದ್ದಷ್ಟೇ ಕಂಡಿತು. ಗಾಬರಿಯಿಂದ ನನ್ನ ಕಡೆ ತಿರುಗಿದ. "ಏನಂದ್ಲು? ಅಕಿ ಏನಂದ್ಲು?"

ಅವನಿಗೆ ಹೇಳುವ ಬದಲು ಕಾಕಿಯನ್ನು ಕೇಳಿದೆ, "ಇಷ್ಟು ವರ್ಷ ಯಾಕ ಹೇಳಲಿಲ್ಲ ಕಾಕಿ?"

ಅವಳು ನನ್ನ ಮುಖ ನೋಡಿದಳು. ಅವಳಿಗೆ ನನ್ನ ಪ್ರಶ್ನೆಯೇ ಅರ್ಥವಾಗಿರಲಿಲ್ಲ.

"ಆವತ್ತೇ ಹೇಳೀನಲ್ಲ ಸಾಹೇಬಗ, ಖಾಲಿ ಅಂದ್ರು ಅಂತ. ನಾ ಕನ್ನಡದಾಗ ಹೇಳಿದೆ, ಅವರು ಮರಾಠಿದಾಗ ಕೇಳಿದ್ರು. ಭಾವಾರಿಗಿ ಗೊತ್ತಾಗಿರ್ತದ ಅಂತ ತಿಳಕೊಂಡಿದ್ದೆ. ಮನ್ಯಾಗ ಯಾರೂ ಕೇಳಲೂ ಇಲ್ಲಲ್ಲ."

ನಾನು ಅಪ್ಪನ ಬಲಗಿವಿಗೆ ಬಾಯಿ ಹಚ್ಚಿ ಕೂಗಿದೆ. ಕ್ರೇನಿನ ಸದ್ದಿನಲ್ಲಿ ಕೇಳಲಿಲ್ಲ. ಇನ್ನೂ ಜೋರಾಗಿ ಕೂಗಿದೆ. "ಏನು?" ಅಂದ. ನಮ್ಮಪ್ಪನ ಗಂಟಲು ನನಗೂ ಬಂದಿದೆ ಎಂದು ಆವತ್ತು ತಿಳಿಯಿತು. ನಡುರಸ್ತೆಯಲ್ಲಿ, ಜನ ತಿರುಗಿ ನೋಡುವ ಹಾಗೆ, ಮನೆಯಲ್ಲಿ ಅಷ್ಟು ವರ್ಷ ಯಾರೂ ಆಡದ ಶಬ್ದವನ್ನು ಒದರಿದೆ: "ಖಾಲಿ, ಅಪ್ಪಾ! ಖಾಲಿ! ಕಾಕಿಗಿ ಕನ್ನಡದಾಗೇ ಕೇಳಿಸಿತಂತ!"

ಗಾರ್ಡ್ ನನ್ನ ಕಡೆ ನೋಡಿ ಸಮಾಧಾನದಿಂದ ತಲೆಯಾಡಿಸಿದ. "ಹೋ ತಾಯೀ, ತೇಚ್ ಸಾಂಗತೋಯ್ ಮೀ" ಅಂದ. ನಾನೂ ಅದನ್ನೇ ಹೇಳುತ್ತಿದ್ದೇನೆ, ಇಳಿಯಿರಿ ಅಂತ.

ಅಪ್ಪ ಇಳಿದ. ನನ್ನ ಭುಜ ಹಿಡಿದು ಒಂದೊಂದೇ ಕಾಲು ಇಟ್ಟು ಇಳಿದು, ಫುಟ್‌ಪಾತಿನ ಅಂಚಿಗೆ ಕೂತ. ಎರಡೂ ಅಂಗೈಯಿಂದ ಮುಖ ಒರೆಸಿಕೊಂಡ, ಮತ್ತೆ ಒರೆಸಿಕೊಂಡ. ಕಾಕಿ ಅಷ್ಟರಲ್ಲಿ ಹಿಂದೆ ಸರಿದು, ಸೆರಗು ಎಳೆದುಕೊಂಡು ಮೊದಲಿನ ಜಾಗದಲ್ಲೇ ನಿಂತಿದ್ದಳು. ಅಪ್ಪ ಅವಳ ಕಡೆ ತಿರುಗಲಿಲ್ಲ. ನನಗೆ ಹೇಳಿದ, "ಅಕಿಗಿ ಹೇಳು, ಬಿಸಿಲಾಗ ನಿಂತಾಳ. ನೆರಳಿಗಿ ಬಾ ಅನ್ನು."

ಅಲ್ಲಿ ನೆರಳಿರಲಿಲ್ಲ. ಇದ್ದದ್ದು ಅವರು ಮೂವರೂ ಕೂಡಿ ಕಟ್ಟಿದ ಸೇತುವೆಯ ನೆರಳು, ಅದು ಹೋಗಿತ್ತು. ಆದರೂ ನಾನು ಕಾಕಿಗೆ ಹೇಳಿದೆ. ಅವಳು ಎರಡು ಹೆಜ್ಜೆ ಹತ್ತಿರ ಬಂದು ನಿಂತಳು.